ಅಟ್ಟದ ಶಬ್ದದ ಬಗ್ಗೆ ಭೀಮರಾಜು ಕೊಟ್ಟ ಎರಡನೆಯ ಹೇಳಿಕೆ

ನಾನು ಭೀಮರಾಜು ಬಿನ್ ಲೇಟ್ ದುರ್ಗಯ್ಯ, 44 ವರ್ಷ, ಪರವಾನಗಿ ಪಡೆದ ಭೂಮಾಪಕ, ವಾಸ ತುರುವೇಕೆರೆ ಟೌನ್, ಈ ದಿನ ಬೆಳಿಗ್ಗೆ 10-40ಕ್ಕೆ ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ತಮ್ಮಲ್ಲಿ ತಿಳಿಯಪಡಿಸುವುದು ಏನೆಂದರೆ:

ದಂಡಿನಶಿವರದ ರಂಗಣ್ಣನವರ ತೋಟದ ಶೆಡ್ಡಿನ ಅಟ್ಟದಲ್ಲಿ ದಿನಾಂಕ 13-07-2025ರ ಭಾನುವಾರ ಕೊಬ್ಬರಿ ಕೆಲಸದ ಹುಚ್ಚರಂಗಯ್ಯ, 61 ವರ್ಷ, ಮೃತಪಟ್ಟ ಬಗ್ಗೆ ಅದೇ ದಿನ ಸಂಜೆ ಆಸ್ಪತ್ರೆಯಲ್ಲಿ ನನ್ನಿಂದ ಹೇಳಿಕೆ ಪಡೆಯಲಾಗಿದೆ. ಅಟ್ಟದಿಂದ ಯಾವ ಶಬ್ದವೂ ಕೇಳಲಿಲ್ಲ ಎಂದು ಅದರಲ್ಲಿ ಹೇಳಿದ್ದೇನೆ. ಆ ಮಾತು ಸುಳ್ಳು. ಆ ಒಂದು ಮಾತನ್ನು ತಿದ್ದಲು ಬಂದಿದ್ದೇನೆ. ತಿದ್ದುವುದಕ್ಕೆ ಹಿಂದಿನಿಂದ ಹೇಳಬೇಕಾಗುತ್ತದೆ.

ರಂಗಣ್ಣನವರಿಗೆ 56 ವರ್ಷ. ಅವರಿಗೂ ನನಗೂ ನೆಂಟಸ್ತನವಿಲ್ಲ. 2013ರಲ್ಲಿ ಅವರ ತೋಟದ ಹದ್ದುಬಸ್ತು ಅಳತೆಗೆ ಹೋಗಿದ್ದಾಗ ಶೆಡ್ಡಿನಲ್ಲಿ ಟಾರ್ಪಾಲಿನ ಅಡಿಯಲ್ಲಿದ್ದ ಒಂದು ಜೀಪನ್ನು ಕಂಡೆ. ಸೇನೆಯವರು ಹರಾಜು ಹಾಕಿದ ಹಳೆಯ ಪೆಟ್ರೋಲ್ ಜೀಪು. ಅಂದಿನಿಂದ ನಾವಿಬ್ಬರೂ ಸೇರಿ ಅದನ್ನು ಸೇನೆಯಲ್ಲಿದ್ದ ಸ್ಥಿತಿಗೆ ತಂದೆವು. ಎಂಜಿನ್ ಕೆಲಸ ಅವರದು, ಬಣ್ಣ ಮತ್ತು ಗುರುತುಗಳ ಕೆಲಸ ನನ್ನದು. ಬಾನೆಟ್ಟಿನ ಬಣ್ಣವನ್ನು ಉಜ್ಜುಕಾಗದದಿಂದ ಪದರ ಪದರವಾಗಿ ತೆಗೆದು ಅಡಿಯಲ್ಲಿದ್ದ ಹಳೆಯ ಸಂಖ್ಯೆಯನ್ನು ಕಂಡುಹಿಡಿಯಲು ನನಗೆ ಏಳು ವಾರ ಬೇಕಾಯಿತು. ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಮಿಲಿಟರಿ ವಾಹನಗಳ ಪ್ರದರ್ಶನ ನಡೆದಾಗಲೆಲ್ಲ ಹೋಗಿ ನಿಲ್ಲಿಸುತ್ತಿದ್ದೆವು. ಮೂರು ತಾಲ್ಲೂಕುಗಳಿಂದ ಒಟ್ಟು ಐದು ಗಾಡಿ ಹೋಗುತ್ತಿದ್ದವು. ಈಗ ಒಂದೇ ಉಳಿದಿದೆ. ಎರಡು ಗುಜರಿಗೆ ಹೋದವು. ಒಂದರ ಮಾಲೀಕರು ತೀರಿಕೊಂಡರು. ಇನ್ನೊಂದು ಹೆದ್ದಾರಿಯ ಡಾಬಾ ಮುಂದೆ ನಿಂತಿದೆ, ಅದರ ಬಾನೆಟ್ ತೆಗೆದು ಮಣ್ಣು ತುಂಬಿ ದಾಸವಾಳ ನೆಟ್ಟಿದ್ದಾರೆ.

ನಮ್ಮದು ಸಾಯಬಾರದೆಂದು ರಂಗಣ್ಣನವರು ಒಂದು ಪದ್ಧತಿ ಇಟ್ಟಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ 20 ನಿಮಿಷ ಬಿಡುವುದು, ಸಮಯವನ್ನು ಒಂದು ನೋಟ್ ಪುಸ್ತಕದಲ್ಲಿ ನಾನು ಬರೆಯುವುದು. ಗಾಡಿಗಿಂತ ಮುಂಚೆ ನಮ್ ಮನ್ಸು ತಣ್ಣಗಾಗ್ಬಾರ್ದು ಕಣ್ಲಾ ಎಂದು ಅವರು ಹೇಳುತ್ತಿದ್ದರು. ಆದರೂ ಆಗಿತ್ತು. 2024ರ ಫೆಬ್ರವರಿಯ ಪ್ರದರ್ಶನದಲ್ಲಿ ನಾವು ಏಳು ಗಂಟೆ ಬಿಸಿಲಿನಲ್ಲಿ ನಿಂತೆವು. ಹತ್ತಿರ ಬಂದು ನೋಡಿದವರು ಹನ್ನೊಂದು ಜನ. ಅದರಲ್ಲಿ ಒಬ್ಬರು ಮದುವೆ ಫೋಟೋಗೆ ಬಾಡಿಗೆ ಕೊಡುತ್ತೀರಾ ಎಂದು ಕೇಳಿದರು. ಈ ವರ್ಷ ಜೂನ್ ಹೊತ್ತಿಗೆ ನಾನು ಭಾನುವಾರ ಹೋಗುತ್ತಿದ್ದುದು ಅವರ ಮುಖ ನೋಡಿ ಮಾತ್ರ.

ಶೆಡ್ಡು 34 ಅಡಿ ಉದ್ದ, 18 ಅಡಿ ಅಗಲ. ನೆಲದಿಂದ 9 ಅಡಿ ಎತ್ತರದಲ್ಲಿ ಅಟ್ಟ. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟು ಒಳಗೇ ಕೊಬ್ಬರಿಯಾಗಲು ಬಿಡುವುದು ತಮಗೆ ತಿಳಿದಿದೆ. ಗಾಳಿಯಾಡಲೆಂದು ಅಟ್ಟದ ಹಲಗೆಗಳ ನಡುವೆ ಒಂದೊಂದು ಇಂಚು ಸಂದು ಬಿಟ್ಟಿರುತ್ತಾರೆ. ಅಟ್ಟಕ್ಕೆ ಒಳಗಿನಿಂದ ದಾರಿ ಇಲ್ಲ. ಹಿಂಬದಿಯ ಗೋಡೆಗೆ ಹೊರಗಿನಿಂದ ಏಣಿ ಇಟ್ಟು ಒಂದು ಸಣ್ಣ ಬಾಗಿಲಿನಿಂದ ಹೋಗಬೇಕು.

ಈ ವರ್ಷ ಮೋಡ ಬೇಗ ಮುಸುಕಿತು. ಅಟ್ಟದಲ್ಲಿ ತೇವ ನಿಂತು ಕಾಯಿ ಕೆಡಬಹುದೆಂದು ರಂಗಣ್ಣನವರಿಗೆ ಚಿಂತೆಯಾಯಿತು. ದಿನಾಂಕ 15-06-2025ರ ಭಾನುವಾರ ಅವರು, ಎಂಜಿನ್ ಕಾವು ಸುಮ್ಮನೆ ಯಾಕೆ ಹಾಳಾಗಬೇಕು, ಬಾಗಿಲು ಮುಚ್ಚಿದರೆ ಮೇಲಕ್ಕೆ ಹೋಗಿ ಅಟ್ಟ ಒಣಗುತ್ತದೆ ಎಂದರು. ಎರಡು ಕಿಟಕಿಗೆ ಗೋಣಿಚೀಲ ತುರುಕಿದೆವು. ಬಾಗಿಲು ಎಳೆದೆವು. 20 ನಿಮಿಷದ ಬದಲು ಒಂದು ಗಂಟೆ ಓಡಿಸಿದೆವು.

ಮುಚ್ಚಿದ ಜಾಗದಲ್ಲಿ ಪೆಟ್ರೋಲ್ ಎಂಜಿನ್ ಓಡಿಸಬಾರದೆಂಬುದು ನನಗೆ ಗೊತ್ತಿತ್ತು. 2019ರ ಪ್ರದರ್ಶನದಲ್ಲಿ ನಿವೃತ್ತ ಹವಾಲ್ದಾರರೊಬ್ಬರು, ಕೊಲ್ಲುವ ಅನಿಲಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ ಎಂದು ಹೇಳಿದ್ದನ್ನು ನಾನು ಬರೆದುಕೊಂಡಿದ್ದೇನೆ. ಅದನ್ನು ರಂಗಣ್ಣನವರಿಗೆ ಒಂದು ಸಲ ಹೇಳಿದೆ. ಅವರು, ಹೊಗೆ ಮ್ಯಾಕೆ ಹೋಯ್ತದೆ ಕಣ್ಲಾ ಸರ್ವೇರು, ನಿನ್ ಮೂಗ್ನಾಗಲ್ಲ ಎಂದರು. ಬಾಗಿಲಿನ ಅಡಿಯಲ್ಲಿ ನಾಲ್ಕು ಇಂಚು ಸಂದು ಇತ್ತು. ನಾವು ಅಲ್ಲಿಯೇ ಎರಡು ಸ್ಟೂಲು ಹಾಕಿಕೊಂಡು ಕುಳಿತೆವು. ಎರಡನೆಯ ಸಲ ನಾನು ಹೇಳಲಿಲ್ಲ.

ಆ ದಿನ 34ನೆಯ ನಿಮಿಷಕ್ಕೆ ಅಟ್ಟದ ಮೇಲೆ ಯಾರೋ ನಡೆದ ಶಬ್ದ ಇಬ್ಬರಿಗೂ ಕೇಳಿಸಿತು. ಪೂರ್ವದಿಂದ ಪಶ್ಚಿಮಕ್ಕೆ, ಒಂದೇ ತಾಳದಲ್ಲಿ. ಇಲಿ ಇರಬಹುದು ಎಂದೆ. ಇಲಿ ಬೂಟ್ ಹಾಕ್ಕಂಡು ಓಡಾಡ್ತದೇನ್ಲಾ ಎಂದು ರಂಗಣ್ಣನವರು ನಕ್ಕರು. ಆಮೇಲೆ ನಗಲಿಲ್ಲ. ಈ ಗಾಡಿಯಲ್ಲಿ ಕೂತು ಯುದ್ಧಕ್ಕೆ ಹೋದವರು ಎಷ್ಟೋ ಜನ ವಾಪಸ್ ಬಂದಿರುವುದಿಲ್ಲ, ಎಂಜಿನ್ ಸದ್ದಿಗೆ ಬಂದಿದ್ದಾರೆ ಎಂದರು. ನನಗೆ ತಲೆ ಭಾರವಾಗಿತ್ತು. ಎಂಜಿನ್ ನಿಲ್ಲಿಸಿ ಏಣಿ ಹತ್ತಿ ನೋಡಿದೆ. ಯಾರೂ ಇರಲಿಲ್ಲ. ಕಾಯಿಗಳು ರಾಶಿ ಹಾಕಿದಂತೆಯೇ ಇದ್ದವು.

ಜೂನ್ 22, 29, ಜುಲೈ 6ರಂದೂ ಹೀಗೆಯೇ ಆಯಿತು. ನಾನು ಹೆಜ್ಜೆಗಳನ್ನು ಎಣಿಸಿ ಬರೆದಿಟ್ಟಿದ್ದೇನೆ. 22, 22, 23. ಬಾಗಿಲು ಮುಚ್ಚಿದ ಮೊದಲ ಭಾನುವಾರವೂ ಹೆಜ್ಜೆ ಕೇಳಿದ ಮೊದಲ ಭಾನುವಾರವೂ ಒಂದೇ ಎಂಬುದು ಆ ಪುಸ್ತಕದಲ್ಲೇ ಇದೆ. ನನ್ನ ಕೈಬರಹದಲ್ಲೇ ಇದೆ. ನಾನು ಅದನ್ನು ಹಾಗೆ ಓದಲಿಲ್ಲ. ಓದಲು ಇಷ್ಟವಿರಲಿಲ್ಲ ಎಂದೂ ತಾವು ಬರೆದುಕೊಳ್ಳಬಹುದು. ಹಲವು ವರ್ಷಗಳ ಮೇಲೆ ನಾನು ಭಾನುವಾರಕ್ಕೆ ಕಾಯತೊಡಗಿದ್ದೆ. ರಂಗಣ್ಣನವರು ನವೆಂಬರ್ ಪ್ರದರ್ಶನಕ್ಕೆ ಹೆಸರು ಕೊಟ್ಟರು. ನಾನು ಬಾನೆಟ್ಟಿನ ಸಂಖ್ಯೆಗಳಿಗೆ ಹೊಸದಾಗಿ ಬಿಳಿ ಬಣ್ಣ ಹಚ್ಚಿದೆ.

ದಿನಾಂಕ 13-07-2025ರಂದು ಬೆಳಿಗ್ಗೆ 9-50ಕ್ಕೆ ಸ್ಕೂಟರಿನಲ್ಲಿ ತೋಟ ತಲುಪಿದೆ. ಸಣ್ಣ ತುಂತುರು ಇತ್ತು. ಮನೆಯಲ್ಲಿ ರಂಗಣ್ಣನವರ ಹೆಂಡತಿ ಹನುಮಕ್ಕನವರು ಕಾಫಿ ಕೊಟ್ಟರು. ಎರಡನೇ ಲೋಟ ಕೇಳಿದ್ದಕ್ಕೆ, ಆ ಗಾಡಿ ಹೊಗೆನೇ ಕುಡೀರಿ ಇಬ್ರೂವೆ, ಹೊಟ್ಟೆ ತುಂಬ್ತದೆ ಎಂದರು. ಹುಚ್ಚರಂಗಯ್ಯನವರು ಸಾಮಾನ್ಯವಾಗಿ ಸೋಮವಾರ ಬರುವವರು. ಮಾರನೆಯ ದಿನ ಕಾಯಿ ಸುಲಿಯುವವರು ಬರುತ್ತಾರೆಂದು ಹನುಮಕ್ಕನವರು ಅವರನ್ನು ಒಂದು ದಿನ ಮುಂಚೆ ಕರೆಸಿದ್ದರು. ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಬೇರೆ ಮಾಡುವ ಕೆಲಸ ಅವರದು. ಅವರು ಮೇಲಿರುವುದನ್ನು ಹನುಮಕ್ಕನವರು ಗಂಡನಿಗೆ ಹೇಳಿರಲಿಲ್ಲ. ಗಂಡ ಅಟ್ಟದ ಅಡಿಯಲ್ಲಿ ಬಾಗಿಲು ಮುಚ್ಚಿಕೊಳ್ಳುವುದು ಅವರಿಗೆ ತಿಳಿದಿರಲಿಲ್ಲ. ಮನೆಯಿಂದ ಶೆಡ್ಡಿಗೆ 140 ಮೀಟರ್, ನಡುವೆ ಬಾಳೆ ಇದೆ, ಕಾಣುವುದಿಲ್ಲ.

10-12ಕ್ಕೆ ನಾನು ಶೆಡ್ಡಿನ ಹಿಂದೆ ಮೂತ್ರಕ್ಕೆ ಹೋದಾಗ ಏಣಿ ಗೋಡೆಗೆ ಒರಗಿತ್ತು. ಏಣಿಯ ಬುಡದಲ್ಲಿ ಒಂದು ಜೊತೆ ಚಪ್ಪಲಿ ಇತ್ತು. ಯಾರದೆಂದು ನಾನು ಕೇಳಲಿಲ್ಲ.

10-20ಕ್ಕೆ ಬಾಗಿಲು ಮುಚ್ಚಿದ್ದು ನಾನು. 10-25ಕ್ಕೆ ರಂಗಣ್ಣನವರು ಎಂಜಿನ್ ಚಾಲೂ ಮಾಡಿದರು.

10-41ಕ್ಕೆ ಮೇಲಿನಿಂದ ಬಡಿದ ಶಬ್ದ ಬಂತು. ನೈಋತ್ಯ ಮೂಲೆಯಿಂದ. ಹಿಂದಿನ ಭಾನುವಾರಗಳಲ್ಲಿ ಶಬ್ದ ಬರಲು ಅರ್ಧ ಗಂಟೆಗೂ ಹೆಚ್ಚು ಬೇಕಾಗುತ್ತಿತ್ತು, ಅಂದು 16 ನಿಮಿಷಕ್ಕೇ ಬಂತು. ಇವತ್ತು ಬೇಗ ಬಂದವ್ರೆ ಕಣ್ಲಾ, ನವೆಂಬರ್‌ಗೆ ತಯಾರಾಗ್ತಾವ್ರೆ ಎಂದು ರಂಗಣ್ಣನವರು ಸಂತೋಷದಿಂದ ಹೇಳಿದರು. ಇದು ತಾಳವಿಲ್ಲದ ಬಡಿತ. ಮೂರು, ಬಿಡುವು, ಎರಡು, ಬಿಡುವು, ಐದು. ನಾನು ಎಣಿಸಿ ಬರೆದೆ.

10-50ಕ್ಕೆ ಬಡಿತ ಜೋರಾಯಿತು. ಹಲಗೆಯ ಸಂದಿನಿಂದ ಧೂಳು ಬಾನೆಟ್ಟಿನ ಮೇಲೆ ಬಿತ್ತು. ಹಿಂದಿನ ನಾಲ್ಕು ಭಾನುವಾರಗಳಲ್ಲಿ ಧೂಳು ಬಿದ್ದಿರಲಿಲ್ಲ. ಹೊಸ ಬಣ್ಣ ಕೆಡುತ್ತದೆಂದು ನಾನು ಎದ್ದು ಬಟ್ಟೆಯಿಂದ ಒರೆಸಿದೆ.

10-58ಕ್ಕೆ ರಂಗಣ್ಣನವರು ಎದ್ದು ನಿಂತು ಮೇಲೆ ನೋಡಿ ಸೆಲ್ಯೂಟ್ ಮಾಡಿದರು. ಹಿಂದಿನ ವಾರಗಳಲ್ಲಿ ಅವರು ಹಾಗೆ ಮಾಡಿದಾಗ ನನಗೆ ಸಂಕೋಚವಾಗುತ್ತಿತ್ತು. ಅಂದು ನಾನೂ ಮಾಡಿದೆ.

11-01ಕ್ಕೆ ಮೇಲಿನಿಂದ ಒಂದು ದನಿ ಬಂತು. ಎಂಜಿನ್ ಸದ್ದಿನಲ್ಲಿ ಪದ ತಿಳಿಯಲಿಲ್ಲ. ಗಂಡಸಿನ ದನಿ, ಕರೆಯುವ ದನಿ. ರಂಗಣ್ಣನವರು ಗಟ್ಟಿಯಾಗಿ, ಬಂದೆ ಸಾರ್ ಎಂದು ಉತ್ತರ ಕೊಟ್ಟರು.

11-04ಕ್ಕೆ ಪೂರ್ವದ ಕಡೆಯಿಂದ ಬೇರೆ ಹೆಜ್ಜೆಗಳು ಶುರುವಾದವು. ಇವು ಎಂದಿನವು, ಒಂದೇ ತಾಳದವು. ಇವುಗಳಿಗೆ ಧೂಳು ಬೀಳಲಿಲ್ಲ. ಅವು ಬಡಿತ ಬರುತ್ತಿದ್ದ ಮೂಲೆಯವರೆಗೆ ಹೋಗಿ ನಿಂತವು. 11-06ಕ್ಕೆ ಬಡಿತ ನಿಂತಿತು. 11-07ಕ್ಕೆ ಹೆಜ್ಜೆಗಳು ಮೂಲೆಯಿಂದ ಪೂರ್ವಕ್ಕೆ ಹಿಂದಿರುಗಿದವು. ಪುಸ್ತಕದ ಆ ಸಾಲಿನಲ್ಲಿ ನಾನು ‘ಇಬ್ಬರು’ ಎಂದು ಬರೆದಿದ್ದೇನೆ. ಆ ಅನಿಲ ತಲೆಗೇರಿದರೆ ಇಲ್ಲದ ಶಬ್ದ ಕೇಳುತ್ತದೆ ಎಂದು ಆಸ್ಪತ್ರೆಯ ವೈದ್ಯರು ಹೇಳಿದ್ದಾರೆ. ನಾನು ಅವರ ಮಾತನ್ನು ಅಲ್ಲಗಳೆಯುವುದಿಲ್ಲ. ಪುಸ್ತಕದಲ್ಲಿ ಇರುವುದನ್ನು ಹೇಳಿದ್ದೇನೆ.

11-15ಕ್ಕೆ ರಂಗಣ್ಣನವರು ಜೀಪಿನ ಮಡ್‌ಗಾರ್ಡಿಗೆ ಒರಗಿ ಕುಸಿದರು. ನನಗೆ ಏಳಲಾಗಲಿಲ್ಲ. ನೆಲದ ಮೇಲೆ ತೆವಳಿ 11-20ಕ್ಕೆ ಬಾಗಿಲು ತೆರೆದು, ಎಂಜಿನ್ ನಿಲ್ಲಿಸಿ, ಅವರನ್ನು ಎಳೆದು ಹೊರಗೆ ಹಾಕಿದೆ. ನನ್ನ ಕೂಗಿಗೆ ಹನುಮಕ್ಕನವರು ಓಡಿ ಬಂದರು. ಗಂಡನ ಮುಖಕ್ಕೆ ನೀರು ಹಾಕುತ್ತಲೇ ಸುತ್ತ ನೋಡಿ, ಹುಚ್ಚರಂಗಯ್ಯ ಎಲ್ಲಿ, ಮ್ಯಾಗಿದ್ನಲ್ಲ ಎಂದು ಕೇಳಿದರು.

11-34ಕ್ಕೆ ನಾನು ಏಣಿ ಹತ್ತಿದೆ. ಹುಚ್ಚರಂಗಯ್ಯನವರು ನೈಋತ್ಯ ಮೂಲೆಯಲ್ಲಿ ಮಗ್ಗುಲಾಗಿ ಮಲಗಿದ್ದರು. ಅಟ್ಟದ ಬಾಗಿಲಿಗೂ ಅವರಿಗೂ 22 ಅಡಿ. ದಿಕ್ಕು ತಪ್ಪಿ ಬಾಗಿಲಿಗೆ ಬೆನ್ನು ಹಾಕಿ ಹೋಗಿದ್ದರು. ಬಲಗೈಯಲ್ಲಿ ಒಂದು ಕಾಯಿ ಇತ್ತು. ಕೈಯ ಕೆಳಗಿನ ಹಲಗೆಯಲ್ಲಿ ಬಡಿದ ಗುರುತುಗಳಿದ್ದವು. ನಾನು ಕಾಯಿಯನ್ನು ಬಿಡಿಸಿ ರಾಶಿಗೆ ಹಾಕಿದೆ. ಗುರುತುಗಳ ಮೇಲೆ ಗೋಣಿಚೀಲ ಎಳೆದೆ. ಇದನ್ನೂ ನಾನು ಮೊದಲ ಹೇಳಿಕೆಯಲ್ಲಿ ಹೇಳಿಲ್ಲ. ಆಂಬುಲೆನ್ಸ್ 12-10ಕ್ಕೆ ಬಂತು.

ನಿನ್ನೆ 15ರಂದು ಬೆಳಿಗ್ಗೆ ತುಮಕೂರಿನ ಆಸ್ಪತ್ರೆಯಲ್ಲಿ ರಂಗಣ್ಣನವರನ್ನು ಕಂಡೆ. ಎಚ್ಚರವಾಗಿದ್ದರು. ಕೈಸನ್ನೆಯಿಂದ ಹತ್ತಿರ ಕರೆದು, ಬಡ್ದಿದ್ದು ಅವ್ನೇ ಅಂತ ನೀನು ಬರೆಸಿದ್ರೆ ನಮ್ತಾವಕ್ಕೆ ಯಾವತ್ತೂ ಯಾರೂ ಬಂದೇ ಇರ್ಲಿಲ್ಲ ಅಂತಾಯ್ತದೆ ಕಣ್ಲಾ, ಸುಮ್ಕಿರು ಎಂದರು. ಸ್ವಲ್ಪ ಹೊತ್ತಿನ ಮೇಲೆ, ಅವನು ಒಳ್ಳೆಯವನು ಎಂದರು. ಯಾರನ್ನು ಕುರಿತು ಎಂದು ನಾನು ಕೇಳಲಿಲ್ಲ.

ಅದೇ ದಿನ ಸಂಜೆ 4-30ಕ್ಕೆ ಹುಚ್ಚರಂಗಯ್ಯನವರ ಮನೆಗೆ ಹೋದೆ. ಅವರ ಹೆಂಡತಿ ಮಂಜಮ್ಮನವರು ನನಗೆ ಚಾಪೆ ಹಾಕಿಸಿದರು. ನೀವು ಕೆಳ್ಗೇ ಇದ್ರಂತಲ್ಲ ಸಾಮಿ, ನಮ್ಮೋರು ಕೂಗ್ನಿಲ್ವ ಎಂದು ಕೇಳಿದರು. ಇಲ್ಲ ಎಂದೆ. ಅವರು ತಲೆಯಾಡಿಸಿ, ಹಂಗಾರೆ ಗ್ಯಾನ ಇಲ್ದಂಗೇ ಹೋಗವ್ರೆ ಬುಡಿ, ನಿದ್ದೇಲಿ ಹೋದಂಗೆ, ಅದೊಂದು ಪುಣ್ಯ ಎಂದರು. ನಾನು ಅಲ್ಲಿದ್ದ 25 ನಿಮಿಷದಲ್ಲಿ ಆರು ಜನ ಮಾತನಾಡಿಸಲು ಬಂದರು. ಆರು ಜನರಿಗೂ ಅವರು ಅದನ್ನೇ ಹೇಳಿದರು. ಪ್ರತಿ ಸಲವೂ ನನ್ನ ಕಡೆ ಕೈ ತೋರಿಸಿ, ಈಯಪ್ಪ ಕೆಳ್ಗೇ ಇದ್ರು ಎಂದರು.

ಯಾರ ಒತ್ತಾಯವೂ ಇಲ್ಲದೆ ಇದನ್ನು ಹೇಳಿದ್ದೇನೆ. ಕಾನೂನು ಏನು ಹೇಳುತ್ತದೋ ಅದಕ್ಕೆ ಬದ್ಧನಾಗಿದ್ದೇನೆ. ನೋಟ್ ಪುಸ್ತಕವನ್ನು ಒಪ್ಪಿಸಿದ್ದೇನೆ. ಮಂಜಮ್ಮನವರಿಗೆ ಓದು ಬರಹ ಬರುವುದಿಲ್ಲ. ಈ ಹೇಳಿಕೆಯನ್ನು ಅವರಿಗೆ ಓದಿ ಹೇಳುವ ಅವಕಾಶವನ್ನು ನನಗೇ ಕೊಡಬೇಕೆಂದು ಕೋರುತ್ತೇನೆ. ಬೇರೆಯವರು ಓದುವುದಾದರೆ 11-01ರ ಭಾಗವನ್ನು ಬಿಡಬಾರದು. ಅವರ ಗಂಡ ಕರೆದರು. ಕೆಳಗಿನಿಂದ ಬಂದೆ ಎಂಬ ಉತ್ತರ ಹೋಯಿತು. ಅದು ಹುಚ್ಚರಂಗಯ್ಯನವರಿಗೆ ಕೇಳಿಸಿರಬೇಕು, ಏಕೆಂದರೆ ಆಮೇಲೆ ಅವರು ಮತ್ತೆ ಕರೆಯಲಿಲ್ಲ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಲಾಯಿತು. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ, ಈ ಸಲ ಏನನ್ನೂ ಬಿಟ್ಟಿಲ್ಲ.

ಸ್ಥಳ: ತುರುವೇಕೆರೆ ತಾಲ್ಲೂಕು
ದಿನಾಂಕ: 16-07-2025, ಮಧ್ಯಾಹ್ನ 1-15

ಸಹಿ
(ಭೀಮರಾಜು)