ಅವರು ಕೈ ಎತ್ತಿದ್ದು ನಿಜ

ಹೆಸರು: ಕುಸುಮಾವತಿ ಶೆಡ್ತಿ. ಪ್ರಾಯ: 63 ವರ್ಷ. ಗಂಡ: ದಿವಂಗತ ಚಂದಯ್ಯ ಶೆಟ್ಟಿ. ಉದ್ಯೋಗ: ಬೇಸಾಯ. ವಾಸ: ಕೆಳಮನೆ, ಹೊನ್ಕಲ್ ಗ್ರಾಮ, ಕೆರಾಡಿ ಹತ್ತಿರ, ಕುಂದಾಪುರ ತಾಲೂಕು, ಉಡುಪಿ ಜಿಲ್ಲೆ.

ನಾನು ಕುಂದಾಪುರದ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನಲ್ಲಿ ಚಿಕಿತ್ಸೆಯಲ್ಲಿದ್ದು, ವಿಚಾರಿಸಲು ಬಂದ ಠಾಣಾ ಸಿಬ್ಬಂದಿಯವರ ಎದುರು ಪೂರ್ಣ ಎಚ್ಚರದಲ್ಲಿ ಹೇಳಿ ಬರೆಯಿಸುವುದೇನೆಂದರೆ, ನಾನು ಮೇಲಿನ ವಿಳಾಸದಲ್ಲಿ ನನ್ನ ಮಗಳ ಸಂಸಾರದೊಂದಿಗೆ ವಾಸವಾಗಿದ್ದೇನೆ. 2010ರಿಂದ ಐದು ವರ್ಷ ನಮ್ಮ ಗ್ರಾಮ ಪಂಚಾಯಿತಿಯ ಸದಸ್ಯೆಯಾಗಿದ್ದೆ. ಈಗ ಯಾವ ಪಕ್ಷದಲ್ಲೂ ಇಲ್ಲ.

ದಿನಾಂಕ 22-02-2026ರ ಭಾನುವಾರ ಸಂಜೆ ನಾಲ್ಕು ಗಂಟೆಗೆ ತಲ್ಲೂರಿನ ಒಂದು ಸಭಾಭವನದಲ್ಲಿ ಜಿಲ್ಲಾ ಪಂಚಾಯಿತಿ ಚುನಾವಣೆಯ ಅಭ್ಯರ್ಥಿಗಳೊಂದಿಗೆ ಸಾರ್ವಜನಿಕ ಸಂವಾದ ಇತ್ತು. ಹಿಂದೆ ನನ್ನ ಜೊತೆಗೇ ಪಂಚಾಯಿತಿ ಸದಸ್ಯೆಯಾಗಿದ್ದ ಗುಲಾಬಿ ಪೂಜಾರ್ತಿಯವರು ನನ್ನೊಂದಿಗೆ ಬಂದಿದ್ದರು. ನಾನು ಹೋಗಲು ಕಾರಣ, ಅಭ್ಯರ್ಥಿ ಉಲ್ಲಾಸ್ ಹೆಗ್ಡೆಯವರು ಮನೆಮನೆಗೆ ಹಂಚಿದ ಕರಪತ್ರ. ಅದರಲ್ಲಿ 2004ರ ಒಂದು ಫೋಟೋ ಇದೆ. ನನ್ನ ಗಂಡ ಜಲ್ಲಿ ಲಾರಿಯ ಎದುರು ರಸ್ತೆಗೆ ಅಡ್ಡ ಮಲಗಿದ್ದಾರೆ, ಪಕ್ಕದಲ್ಲಿ ಉಲ್ಲಾಸ್ ಹೆಗ್ಡೆ ಕುಳಿತಿದ್ದಾರೆ. ಕೆಳಗೆ ‘ಹೊನ್ಕಲ್ ಗುಡ್ಡೆ ಉಳಿಸಿದ ಹೋರಾಟಗಾರ’ ಎಂದು ಅಚ್ಚು ಹಾಕಿಸಿದ್ದಾರೆ. ಗುಡ್ಡೆ ಉಳಿದಿಲ್ಲ. ಅರ್ಧ ಗುಡ್ಡೆ ಈಗ ಯಾರ್ಯಾರದೋ ರಸ್ತೆಯಾಗಿ, ತಾರಸಿಯಾಗಿ ಹೋಗಿದೆ. ಉಳಿದ ಅರ್ಧಕ್ಕೆ ಈಗಲೂ ಮದ್ದು ಇಟ್ಟು ಸಿಡಿಸುತ್ತಾರೆ. ಫೋಟೋ ಹಾಕುತ್ತೇವೆ ಎಂದು ನಮ್ಮ ಮನೆಯವರನ್ನು ಒಂದು ಮಾತು ಕೇಳಿರುವುದಿಲ್ಲ.

ಸಂವಾದವನ್ನು ಶರಣ್ಯಾ ಎಂಬ ಕಾಲೇಜು ಉಪನ್ಯಾಸಕಿ ನಡೆಸುತ್ತಿದ್ದರು. ಎದುರು ಪಕ್ಷದ ಸುಜನ್ ಎಂಬ ಯುವಕ ಎದ್ದು, ಉಲ್ಲಾಸ್ ಹೆಗ್ಡೆಯವರು 2004ರಲ್ಲಿ ಊರಿನಲ್ಲೇ ಇರಲಿಲ್ಲ, ಮುಂಬೈಯಲ್ಲಿ ಮಾವನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು, ಫೋಟೋ ಕಂಪ್ಯೂಟರಿನಲ್ಲಿ ಜೋಡಿಸಿದ್ದು ಎಂದು ಹೇಳಿದನು. ಜನ ನಕ್ಕರು. ಆ ಫೋಟೋ ಜೋಡಿಸಿದ್ದಾದರೆ ರಸ್ತೆಯಲ್ಲಿ ಮಲಗಿದ ನನ್ನ ಗಂಡನೂ ಸುಳ್ಳಾದಂತೆ. ನನಗೆ ಕೂತಿರಲಾಗಲಿಲ್ಲ. ನಾನು ಮೈಕ್ ಕೇಳಿ ಪಡೆದು, “ಸುಳ್ಳ್ ಹೇಳ್ಬೇಡ ಮಗಾ. ಉಲ್ಲಾಸ ಅಲ್ಲೇ ಇದ್ದಿದ್ದ. ಪೆಟ್ಟೂ ತಿಂದಿದ. ನಾ ಕಂಡಿದೆ” ಎಂದು ಹೇಳಿದೆನು.

ಅದು ಸತ್ಯವಿರುತ್ತದೆ. ಗುಡ್ಡೆ ಒಡೆದು ಜಲ್ಲಿ ಮಾಡುವ ಕ್ರಷರಿನವರು 2004ರಲ್ಲಿ ಮೊದಲ ಸಲ ಬಂದಾಗ ಊರಿನವರು ಒಂದು ಮಳೆಗಾಲ ಪೂರ್ತಿ ರಸ್ತೆ ತಡೆದು ಕೂತಿದ್ದೆವು. ಗಂಜಿ ನಮ್ಮ ಮನೆಯಿಂದ ಹೋಗುತ್ತಿತ್ತು. ಉಲ್ಲಾಸ್ ಆಗ ಇಪ್ಪತ್ತನಾಲ್ಕರ ಹುಡುಗ, ನಮ್ಮ ಚಾವಡಿಯಲ್ಲೇ ಮಲಗುತ್ತಿದ್ದ. ಲಾಠಿ ಏಟು ಬೀಳುವಾಗ ನನ್ನ ಗಂಡನ ಮೈಮೇಲೆ ಅಡ್ಡ ಬಿದ್ದವನು ಅವನೇ. ಅವನ ಬೆನ್ನಿಗೆ ಬಿಸಿ ಉಪ್ಪಿನ ಶಾಖ ಕೊಟ್ಟವಳು ನಾನು. ಇಷ್ಟನ್ನು ಸಭೆಯಲ್ಲಿ ಹೇಳಿದಾಗ ಉಲ್ಲಾಸ್ ಕಡೆಯವರು ಚಪ್ಪಾಳೆ ತಟ್ಟಿದರು. ಉಲ್ಲಾಸ್ ಹೆಗ್ಡೆಯವರು ವೇದಿಕೆಯಿಂದ ಕೈ ಮುಗಿದು, ಕುಸುಮಕ್ಕ ತನಗೆ ಒಡಹುಟ್ಟಿದ ಅಕ್ಕನ ಹಾಗೆ ಎಂದರು. ಮೈಕ್ ವಾಪಸು ಕೊಡಿ ಎಂದು ಯಾರೋ ಕೈ ಚಾಚಿದರು.

ನನ್ನ ಮಾತು ಮುಗಿದಿರಲಿಲ್ಲ. 2012ರಲ್ಲಿ ಅದೇ ಕ್ರಷರಿನವರು ಬೇರೆ ಹೆಸರಿನಲ್ಲಿ ಬಂದು ಪಂಚಾಯಿತಿಯ ಒಪ್ಪಿಗೆ ಕೇಳಿದ್ದು, ಆ ಸಭೆಯಲ್ಲಿ ಒಪ್ಪುವವರು ಕೈ ಎತ್ತಿ ಎಂದು ಅಧ್ಯಕ್ಷರು ಹೇಳಿದ್ದು, ನಮ್ಮೊಂದಿಗೆ ಸದಸ್ಯರಾಗಿದ್ದ ಉಲ್ಲಾಸ್ ಹೆಗ್ಡೆ ಕೈ ಎತ್ತಿದ್ದು, ನಾನೂ ಗುಲಾಬಿಯೂ ಎತ್ತದೆ ಕೂತಿದ್ದು, ಎಲ್ಲವನ್ನೂ ಹೇಳಿದೆನು. ಹೋರಾಟವೂ ಹೌದು, ಕೈ ಎತ್ತಿದ್ದೂ ಹೌದು. ಓಟು ಕೇಳುವವರು ಎರಡನ್ನೂ ಹೇಳಿ ಕೇಳಬೇಕು ಎಂದೆನು. ಜನ ಗುಜುಗುಜು ಶುರು ಮಾಡಿದರು. ಗುಲಾಬಿಯವರು ಎದ್ದು ನಿಂತು, ಇದಕ್ಕೆ ತಾನು ಸಾಕ್ಷಿ ಎಂದರು.

ಉಲ್ಲಾಸ್ ಹೆಗ್ಡೆಯವರು ಮೊದಲು, ಹಾಗಿದ್ದರೆ ನಿರ್ಣಯದಲ್ಲಿ ತನ್ನ ಹೆಸರು ತೋರಿಸಲಿ ಎಂದರು. ನಿರ್ಣಯದಲ್ಲಿ ‘ಬಹುಮತದಿಂದ’ ಎಂದು ಮಾತ್ರ ಬರೆಯುವುದು ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಆಮೇಲೆ, ಅಕ್ಕನಿಗೆ ಪ್ರಾಯವಾಯಿತು, ನೆನಪು ಹೆಚ್ಚುಕಡಿಮೆ ಆಗುತ್ತದೆ ಎಂದರು. ಜನ ಮತ್ತೂ ಗುಜುಗುಜು ಮಾಡುತ್ತಿದ್ದುದನ್ನು ಕಂಡು, ನನ್ನನ್ನು ನೋಡದೆ ಸಭೆಯನ್ನು ನೋಡುತ್ತಾ ಹೀಗೆ ಹೇಳಿದರು: “ಸತ್ಯ ಹೇಳ್ಕ್ ಅಂದ್ರೆ, ಕೈ ಎತ್ತ್ ಅಂದದ್ದೇ ಚಂದಯ್ಯಣ್ಣ. ಊರಿನ ಮಕ್ಕಳಿಗೆ ಕೆಲ್ಸ ಸಿಕ್ಕತ್ತ್, ಒಪ್ಪು ಮಾರಾಯಾ ಅಂದ್ರ್. ಅವ್ರ ಮಾತ್ ಮೀರುಕೆ ಆಯ್ಲಿಲ್ಲ.”

ನನ್ನ ಗಂಡ 2012ರ ಆ ಸಭೆಯ ದಿನ ಪಂಚಾಯಿತಿ ಕಚೇರಿಯ ಜಗಲಿಯಲ್ಲಿ ಕೂತಿದ್ದರು. ಸಭೆ ಮುಗಿದು ಹೊರಗೆ ಬಂದಾಗ ಉಲ್ಲಾಸ್ ಅವರ ಹತ್ತಿರ ಹೋಗಿ ‘ಚಂದಯ್ಯಣ್ಣ’ ಎಂದು ಭುಜ ಮುಟ್ಟಿದ್ದನ್ನು ನಾನು ನೋಡಿದ್ದೇನೆ. ನನ್ನ ಗಂಡ ಆ ಕೈಯನ್ನು ತೆಗೆದುಹಾಕಿ, ರಸ್ತೆ ಬಿಟ್ಟು ಗದ್ದೆಯ ಅಂಚಿನಲ್ಲೇ ನಡೆದು ಮನೆಗೆ ಬಂದರು. 2019ರಲ್ಲಿ ತೀರಿಕೊಳ್ಳುವವರೆಗೆ ಆ ಹೆಸರನ್ನು ಬಾಯಲ್ಲಿ ತಂದಿಲ್ಲ. ಗುಡ್ಡೆಯಲ್ಲಿ ಮದ್ದು ಸಿಡಿದಾಗ ಊಟದ ಬಟ್ಟಲು ಬಿಟ್ಟು ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದರು. ಕರೆದರೆ ಬರುತ್ತಿರಲಿಲ್ಲ. ಅನ್ನ ತಣಿಯುತ್ತಿತ್ತು. ಆ ಮನುಷ್ಯ ಒಪ್ಪು ಎಂದರಂತೆ.

ನಾನು ವೇದಿಕೆಯ ಮೆಟ್ಟಿಲು ಹತ್ತಿ, ಆ ಮಾತನ್ನು ನನ್ನ ಮುಖ ನೋಡಿ ಇನ್ನೊಮ್ಮೆ ಹೇಳು ಎಂದು ಉಲ್ಲಾಸ್ ಹೆಗ್ಡೆಯವರನ್ನು ಕೇಳಿದೆನು. ಆಗ ಅವರ ಜೊತೆ ಪ್ರಚಾರಕ್ಕೆ ಓಡಾಡುವ ಗುಣಪಾಲ ಎಂಬವನು ಅಡ್ಡ ಬಂದು, “ಎಷ್ಟ್ ಕೊಟ್ರ್ ನಿಮ್ಗೆ? ಇಳಿನಿ ಕೆಳ್ಗೆ” ಎಂದು ಹೇಳಿ ನನ್ನ ಬಲಗೈಯನ್ನು ಮೈಕ್ ಸಮೇತ ಹಿಡಿದು ತಿರುಚಿ, ಎದೆಗೆ ಕೈಕೊಟ್ಟು ದೂಡಿದನು. ನಾನು ಮೆಟ್ಟಿಲಿನಿಂದ ಹಿಂದಕ್ಕೆ ಬಿದ್ದೆನು. ಆ ಸಮಯ ಉಲ್ಲಾಸ್ ಹೆಗ್ಡೆಯವರು ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನಿಂತಿದ್ದರು. ಕೈ ಚಾಚಲಿಲ್ಲ. ಗುಲಾಬಿ ಮತ್ತು ಶರಣ್ಯಾ ನನ್ನನ್ನು ಎಬ್ಬಿಸಿ, ಶರಣ್ಯಾರ ಕಾರಿನಲ್ಲಿ ಆಸ್ಪತ್ರೆಗೆ ಕರೆತಂದರು. ಮಣಿಕಟ್ಟಿನ ಎಲುಬು ಮುರಿದಿದೆ ಎಂದು ವೈದ್ಯರು ಹೇಳಿ ಪಟ್ಟಿ ಹಾಕಿರುತ್ತಾರೆ.

ಅದೇ ಸಂಜೆ ಸುಮಾರು ಏಳು ಗಂಟೆಗೆ ಉಲ್ಲಾಸ್ ಹೆಗ್ಡೆಯವರು ಒಬ್ಬರೇ ವಾರ್ಡಿಗೆ ಬಂದರು. ಕಿತ್ತಳೆ ಹಣ್ಣು ತಂದಿದ್ದರು. ಗುಲಾಬಿ ನನ್ನ ಹಾಸಿಗೆಯ ಬದಿಯಲ್ಲೇ ಇದ್ದರು. ಉಲ್ಲಾಸ್ ಹೆಗ್ಡೆಯವರು, ಪೊಲೀಸರು ಬಂದರೆ ಜಾರಿ ಬಿದ್ದದ್ದು ಎಂದು ಹೇಳಬೇಕು, ಗುಣಪಾಲನಿಗೆ ಇಬ್ಬರು ಚಿಕ್ಕ ಮಕ್ಕಳಿದ್ದಾರೆ ಎಂದರು. ನಾನು ಪಟ್ಟಿ ಹಾಕಿದ ಕೈಯನ್ನು ಎತ್ತಿ ತೋರಿಸಿದೆನು. ಆಮೇಲೆ ಅವರೇ, “ಕೈ ಎತ್ತಿದ್ದ್ ಹೌದಕ್ಕಾ. ಆಗ ಎತ್ತದಿದ್ರೆ ನಾ ಅಲ್ಲೇ ಮುಗಿತಿದ್ದೆ. ಪಕ್ಷದವ್ರ್ ಮುಂದೆ ಟಿಕೆಟ್ ಕೊಡ್ತೆ ಅಂದಿದ್ರ್” ಎಂದರು.

“ಎತ್ತಿದ್ದ್ ಬಿಡ. ಸತ್ತವ್ರ ಬಾಯಲ್ಲಿ ನಿನ್ ಮಾತ್ ಎಂತಕೆ ಹಾಕ್ದೆ?” ಎಂದು ಕೇಳಿದೆನು.

ಬಾಯಿ ತಪ್ಪಿ ಬಂತು ಎಂದರು.

“ಮೈಕಲ್ ಹೇಳಿದ್ದ್ ಮೈಕಲ್ಲೇ ವಾಪಸ್ ತಕೊ. ನಾಳಿಕೆ ಅದೇ ತಲ್ಲೂರಲ್ ನಿಂತ್ ಹೇಳ್” ಎಂದೆನು.

ಚುನಾವಣೆ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದರು. ಹಾಗೆ ಹೇಳುವಾಗ ಅವರ ಕಣ್ಣಲ್ಲಿ ನೀರು ಇತ್ತು. ಅದನ್ನೂ ಬರೆದುಕೊಳ್ಳಬೇಕು, ನಾನು ಯಾವುದನ್ನೂ ಅಡಗಿಸುವುದಿಲ್ಲ. ಆದರೆ ಆ ನೀರು ಕಂಡು ನನಗೆ ಸಿಟ್ಟು ಹೆಚ್ಚಾಯಿತೇ ಹೊರತು ಕಡಿಮೆ ಆಗಲಿಲ್ಲ. ಗುಲಾಬಿಯವರು ಹಣ್ಣಿನ ಚೀಲ ಎತ್ತಿ ಅವರ ಕೈಗೆ ಕೊಟ್ಟು, “ಹ್ವಾಯ್, ಇದನ್ನ್ ತಕಂಡ್ ಹೋಯ್ನಿ” ಎಂದರು. ಅವರು ಹೋದರು.

ಈ ದಿನ ಬೆಳಿಗ್ಗೆ ಸುಜನ್ ಮೊಬೈಲ್ ಹಿಡಿದು ಬಂದು, ಪಂಚಾಯಿತಿಯಲ್ಲಿ ಕೈ ಎತ್ತಿದ ವಿಷಯ ಮಾತ್ರ ಹೇಳಿ, ವಿಡಿಯೋ ಮಾಡಿ ಎಲ್ಲರಿಗೂ ಕಳಿಸುತ್ತೇವೆ ಎಂದನು. ಲಾಠಿ ಏಟು ತಿಂದದ್ದನ್ನೂ ಹಾಕುತ್ತೀಯಾ ಎಂದು ಕೇಳಿದೆನು. ಅದು ಈಗ ಯಾಕೆ ಎಂದನು. ಅವನನ್ನೂ ಹೊರಗೆ ಕಳಿಸಿದ್ದೇನೆ. ಒಬ್ಬನಿಗೆ ನನ್ನ ಮಾತಿನ ತಲೆ ಬೇಕು, ಇನ್ನೊಬ್ಬನಿಗೆ ಬಾಲ ಬೇಕು. ಕೈ ಮುರಿದುಕೊಂಡವಳು ನಾನು.

ಆದ್ದರಿಂದ ನನ್ನನ್ನು ದೂಡಿ ಗಾಯಗೊಳಿಸಿದ ಗುಣಪಾಲನ ಮೇಲೆ ಕ್ರಮ ಜರಗಿಸಬೇಕು. ಉಲ್ಲಾಸ್ ಹೆಗ್ಡೆಯವರು ನನಗೆ ಹೊಡೆದಿಲ್ಲ, ಹೊಡೆದರೆಂದು ನಾನು ಹೇಳುವುದೂ ಇಲ್ಲ. ಸತ್ತವರು ಆಡದ ಮಾತನ್ನು ಆಡಿದರೆಂದು ಹೇಳುವುದಕ್ಕೆ ಕಾನೂನಿನಲ್ಲಿ ಕಲಂ ಸಿಗುವುದು ಕಷ್ಟ ಎಂದು ಸಿಬ್ಬಂದಿಯವರು ತಿಳಿಸಿರುತ್ತಾರೆ. ಕಲಂ ಇಲ್ಲದಿದ್ದರೂ ಆ ಮಾತನ್ನು ಇದರಲ್ಲಿ ಬರೆಯಲೇಬೇಕು ಎಂದು ಹಟ ಹಿಡಿದು ಬರೆಯಿಸಿದ್ದೇನೆ.

ಮೊದಲು ಬರೆದ ಹಾಳೆಯಲ್ಲಿ ‘ನೂಕುನುಗ್ಗಲಿನಲ್ಲಿ ಆಯ ತಪ್ಪಿ ಬಿದ್ದು’ ಎಂದು ಇತ್ತು. ಓದಿ ಹೇಳಿದಾಗ ನಾನು ಒಪ್ಪಲಿಲ್ಲ. ಆ ಹಾಳೆಯನ್ನು ಬದಿಗಿಟ್ಟು ಇದನ್ನು ಹೊಸದಾಗಿ ಬರೆಯಲಾಗಿದೆ. ಇದನ್ನು ಗುಲಾಬಿಯವರ ಎದುರು ನನಗೆ ಓದಿ ಹೇಳಿರುತ್ತಾರೆ. ನಾನು ಹೇಳಿದ ಹಾಗೆಯೇ ಇದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಬಲಗೈಗೆ ಪಟ್ಟಿ ಇರುವುದರಿಂದ ಹೆಬ್ಬೆಟ್ಟು ಒತ್ತಿದರೆ ಸಾಕು ಎಂದು ಹೇಳಿದರು. ನಾನು ಓದು ಬರಹ ಬಲ್ಲವಳು. ತಡವಾದರೂ ಎಡಗೈಯಲ್ಲೇ ಪೂರ್ತಿ ಹೆಸರು ಬರೆದಿದ್ದೇನೆ. ಅಕ್ಷರ ಸೊಟ್ಟ ಇದೆ. ಹೆಸರು ನನ್ನದೇ.

ಸ್ಥಳ: ಕುಂದಾಪುರ
ದಿನಾಂಕ: 23-02-2026

ಸಹಿ: ಕುಸುಮಾವತಿ ಚಂದಯ್ಯ ಶೆಡ್ತಿ
ಸಾಕ್ಷಿ: ಗುಲಾಬಿ ಪೂಜಾರ್ತಿ