ಗೂಡಿನ ಸುತ್ತ ಕಲ್ಲು

ಭಾನುವಾರ ಬೆಳಿಗ್ಗೆ ಹೆಸರಘಟ್ಟದಿಂದ ಯಲಹಂಕಕ್ಕೆ ಹೊರಟಿದ್ದ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಹಿರಿಯರು, ಒಬ್ಬಳು ಕಾಲೇಜು ಹುಡುಗಿ. ಇಬ್ಬರ ಕೊರಳಲ್ಲೂ ಬೈನಾಕ್ಯುಲರ್. ನಾನು ಪೇಪರ್ ಬಿಡಿಸಿದ್ದೆ, ಓದಲಿಲ್ಲ.

"ಗೂಡಿನ ಸುತ್ತ ಕಲ್ಲು ಜೋಡಿಸಿದ್ದು ಯಾರು, ತರನ್ನುಮ್?"

"ನಾನೇ ಸರ್, ಹೋದ ವಾರ. ಟಿಟ್ಟಿಭ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತಲ್ಲ, ಅದೂ ಕಾಲುದಾರಿ ಪಕ್ಕದಲ್ಲೇ. ಯಾರಾದ್ರೂ ತುಳಿದುಬಿಡ್ತಾರೆ ಅಂತ."

"ಮಣ್ಣಿನ ಬಣ್ಣದ ಮೊಟ್ಟೆ ಕಣಮ್ಮ. ಯಾರ ಕಣ್ಣಿಗೂ ಬೀಳ್ತಿರ್ಲಿಲ್ಲ."

"ಈಗ ಎಲ್ರಿಗೂ ಕಾಣುತ್ತೆ."

"ಇವತ್ತು ಹದಿನೈದು ಕ್ಯಾಮೆರಾ ಎಣಿಸಿದೆ ನಾನು."

"ತಾಯಿ ಹಕ್ಕಿ ದೂರದಲ್ಲಿ ನಿಂತು ಕೂಗ್ತಾನೇ ಇತ್ತು ಸರ್. ಮೊಟ್ಟೆ ಹತ್ರ ಬರ್ಲೇ ಇಲ್ಲ. ಕಲ್ಲು ತೆಗೆದುಬಿಡೋಣ ಅನ್ನಿಸ್ತು."

"ತೆಗೆದ್ರೆ, ನೋಡೋಕೆ ಬಂದವರೇ ತುಳೀತಾರೆ."

"ಬಿಟ್ರೆ ಬರ್ತಾನೇ ಇರ್ತಾರೆ."

ಕಂಡಕ್ಟರ್ ಅಟ್ಟೂರು ಅಂದಾಗ ಇಬ್ಬರೂ ಎದ್ದರು.

"ಸಂಜೆ ಒಂದ್ಸಲ ಹೋಗಿ ನೋಡ್ಕೊಂಡು ಬರೋಣ್ವಾ? ವಾಪಸ್ ಬಂದು ಕಾವಿಗೆ ಕೂತಿರಬಹುದು."

"ಕೂತಿದ್ರೂ, ನಾವು ಹೋದ್ರೆ ಎದ್ದು ಹೋಗುತ್ತೆ ಸರ್," ಅನ್ನುತ್ತಾ ಅವಳು ಇಳಿದಳು.