ಅಧ್ಯಕ್ಷ ಸಾಹೇಬರು

ಮರಾಠಿ ನಾಡಿನ ಖಡಕಿಯ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕುಳಿತಿದ್ದ ವಯಸ್ಸಾದ ದಂಪತಿ ಕನ್ನಡದಲ್ಲಿ ಮಾತಾಡುತ್ತಿದ್ದರು.

“ದಿಲ್ಲ್ಯಾಗ ಪಕ್ಷದ ಅಧ್ಯಕ್ಷರು ನಮ್ಮ ಜಿಲ್ಲಾದವರಾದ್ರು, ಇಲ್ಲಿ ನೀವು ವಾರ್ಡ್ ಅಧ್ಯಕ್ಷರಾದ್ರಿ. ಒಂದೀಟು ನಗ್ರೆಲಾ!”

“ವಿಲಾಸನ್ನ ತಗದು ನನಗ ಕೊಟ್ಟಾರ, ರುದ್ರವ್ವಾ. ನನ್ನ ಪಕ್ಷಕ್ಕ ಕರಕೊಂಡು ಬಂದಾಂವ ಅಂವ.”

“ಅವರು ಏನರೆ ಅಂದ್ರೇನು?”

“ಯಾರ ಸತ್ಕಾರ ಇದ್ರೂ ಪೇಟಾ ಕಟ್ಟಾಂವ ಅಂವನ. ನಿನ್ನೆ ನನಗೂ ಕಟ್ಟಿದ. ನಾ ತಲಿ ತಗ್ಗಿಸಿದ್ದೆ. ‘ತಲಿ ಎತ್ತರಿ, ಅಧ್ಯಕ್ಷ ಸಾಹೇಬ್ರ’ ಅಂದ. ಇಷ್ಟು ವರ್ಷ ‘ಬಸ್ಯಾ’ ಅಂತ ಬೈಕೋತ ಕರದಾಂವ.”

“ಇಲ್ಲಿತನಕ ಬಂದೇವಿ, ಈಗ ಬರೋ ಬಸ್ಸಿನಾಗ ಅವರ ಮನಿಗೆ ಹೋಗೇ ಬಿಡೋಣ್ರಿ.”

“ಹೋದ್ರ ‘ಬರ್ರಿ ಸಾಹೇಬ್ರ’ ಅಂತ ಕುರ್ಚಿ ಹಾಕ್ತಾನ. ಅದನ್ನ ತಡಕೊಳ್ಳಾಕ ನನ್ನ ಕಡಿಂದ ಆಗೂದಿಲ್ಲ.”

ಬಸ್ ಬಂದು ನಿಂತು ಹೊರಟುಹೋಯಿತು. ಇಬ್ಬರೂ ಎದ್ದು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದರು.